ಬ್ರೇಕಮ್ಮನ ಬಲಗಾಲು

ಆ ಊರಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ಬ್ರೇಕಮ್ಮನ ಶಿಷ್ಯರು. ಹೆತ್ತವರು ಅವಳಿಗಿಟ್ಟ ಹೆಸರು ಬೇರೆಯೇ ಇತ್ತು, ಆದರೆ ಆ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಬುಡದಲ್ಲಿ ಒಂದು ಬ್ರೇಕ್ ಇದ್ದರೆ, ಪಕ್ಕದ ಸೀಟಿನಲ್ಲಿ ಕೂತ ಗುರುವಿನ ಕಾಲ ಬುಡದಲ್ಲಿ ಇನ್ನೊಂದು ಇರುತ್ತದೆ. ಎರಡಕ್ಕೂ ಒಳಗಿಂದೊಳಗೆ ನಂಟು. ಈ ಕಡೆಯದನ್ನು ತುಳಿದರೆ ಆ ಕಡೆಯದೂ ತಾನಾಗಿ ತಲೆ ತಗ್ಗಿಸುತ್ತದೆ. ಆ ಎರಡನೇ ಬ್ರೇಕಿನ ಮೇಲೆ ಬಲಗಾಲಿಟ್ಟುಕೊಂಡೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಅವಳ ಕಾಲು ಇಲ್ಲದಿದ್ದರೆ ಊರಿನ ಎಷ್ಟು ಕಾಂಪೌಂಡುಗಳು, ಎಷ್ಟು ದೀಪದ ಕಂಬಗಳು ಇವತ್ತು ನೆಟ್ಟಗೆ ನಿಂತಿರುತ್ತಿರಲಿಲ್ಲವೋ ಹೇಳುವುದು ಕಷ್ಟ.

ತೊಂದರೆ ಏನೆಂದರೆ, ಕೆಲಸ ಮುಗಿಯಿತು ಎಂಬುದು ಆ ಕಾಲಿಗೆ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೂ ಅದು ನೆಲ ಒತ್ತುತ್ತಿತ್ತು. ನೆಂಟರ ಮನೆಯಲ್ಲಿ ಗಂಡ ಹಳೆಯ ಕತೆಯೊಂದನ್ನು ಬಿಚ್ಚಲು ಬಾಯಿ ತೆರೆದರೆ ಊಟದ ಮೇಜಿನ ಕೆಳಗೂ ಒತ್ತುತ್ತಿತ್ತು. ಅವರ ಮನೆಯ ಹಳೇ ಕಾರನ್ನು ಗಂಡನೇ ಓಡಿಸುತ್ತಿದ್ದ, ಅವಳು ಪಕ್ಕದಲ್ಲಿ ಕೂರುತ್ತಿದ್ದಳು. ಅವಳ ಕಾಲ ಕೆಳಗಿನ ರಬ್ಬರ್ ಮ್ಯಾಟು ಹಿಮ್ಮಡಿಯ ಅಗಲಕ್ಕೆ ಸವೆದು ತೂತಾಗಿತ್ತು. ಗಂಡ ಬೇಕರಿಯವನು, ತಾಳ್ಮೆಯ ಮನುಷ್ಯ. ಆ ತೂತಿನ ಬಗ್ಗೆ ಅವನು ಒಂದು ಮಾತೂ ಆಡಿರಲಿಲ್ಲ, ನೋಡಿದಾಗಲೆಲ್ಲ ಮೀಸೆಯಡಿ ನಗುತ್ತಿದ್ದ ಅಷ್ಟೆ.

ಚರ್ಚಿನಲ್ಲೂ ಅದೇ ಪಾಡು. ಮುಂದಿನಿಂದ ಮೂರನೇ ಬೆಂಚಿನ ತುದಿ ಅವಳ ಜಾಗ. ಪಾಸ್ಟರ ಪ್ರಸಂಗದ ಮಾತು ಸ್ವಲ್ಪ ಉದ್ದವಾಯಿತೋ, ಬಲಗಾಲು ಮೆಲ್ಲಗೆ ನೆಲವನ್ನು ಒತ್ತುತ್ತಿತ್ತು. ವೇದಿಕೆಯ ಮೇಲೆ ನಿಂತ ಪಾಸ್ಟರಿಗೆ ಅದು ಚೆನ್ನಾಗಿ ಕಾಣುತ್ತಿತ್ತು. ಮೊದಮೊದಲು ಅವರಿಗೆ ಬೇಸರವಾಗಿದ್ದು ನಿಜ. ಆಮೇಲೆ ಅವರು ಗಡಿಯಾರ ನೋಡುವುದನ್ನೇ ಬಿಟ್ಟರು. ಟೀಚರಮ್ಮನ ಕಾಲು ಎರಡನೇ ಸಲ ಒತ್ತಿದರೆ ಆಮೆನ್ ಹೇಳುವ ಹೊತ್ತಾಯಿತು ಎಂದು ಅರ್ಥ.

ಇಷ್ಟೆಲ್ಲ ಕೇಳಿ ಅವಳಿಗೆ ಭಕ್ತಿ ಕಡಿಮೆ ಎಂದುಕೊಳ್ಳಬೇಡಿ. ಬೆಳಗಿನ ಪ್ರಾರ್ಥನೆ ಒಂದು ದಿನವೂ ತಪ್ಪಿಸಿದವಳಲ್ಲ. ಆದರೆ ಅವಳ ಪ್ರಾರ್ಥನೆ ಕೇಳಿದರೆ ದೇವರು ಕಲಿಕೆಯ ಲೈಸೆನ್ಸಿನ ಮೇಲೆ ಗಾಡಿ ಓಡಿಸುತ್ತಿರುವಂತೆ ಇರುತ್ತಿತ್ತು. ಮೊದಲು ಅದನ್ನು ಮಾಡು, ಆಮೇಲೆ ಇದನ್ನು, ಅವಸರ ಬೇಡ, ಹಾಗಂತ ತಡವೂ ಬೇಡ. ಬೆಳಿಗ್ಗೆ ಒಂದು ಚಿಂತೆಯನ್ನು ಕರ್ತನ ಕೈಗೆ ಒಪ್ಪಿಸಿ ಏಳುತ್ತಿದ್ದಳು. ಅವನು ಯಾಕೋ ಇನ್ನೂ ಎರಡನೇ ಗೇರಿನಲ್ಲೇ ಇದ್ದಾನೆ ಅನ್ನಿಸಿ ಮಧ್ಯಾಹ್ನದೊಳಗೆ ವಾಪಸು ಇಸಿದುಕೊಳ್ಳುತ್ತಿದ್ದಳು.

ಇಂಥ ಬ್ರೇಕಮ್ಮನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಕಡಲೆಕಾಳಿನಷ್ಟಿದ್ದದ್ದು ಗೋಲಿಯಷ್ಟಾಯಿತು. ಡಾಕ್ಟರು ಒತ್ತಿ ನೋಡಿ, ಸ್ಕ್ಯಾನ್ ಮಾಡಿಸಿ, ತೆಗೆಯಲೇಬೇಕು ಎಂದರು. ಒಳ್ಳೆಯ ಗಂಟೋ ಕೆಟ್ಟ ಗಂಟೋ ಎಂಬುದು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಖಚಿತವಾಗುವುದು. ದನಿಯ ನರ ಪಕ್ಕದಲ್ಲೇ ಹಾದುಹೋಗಿದೆ, ಜೋಪಾನ ಮಾಡುತ್ತೇವೆ, ಆದರೆ ಮಾತು ಕೊಡಲಾರೆವು ಎಂದೂ ಹೇಳಿದರು. ಇಡೀ ದಿನ ಕ್ಲಚ್, ಗೇರ್, ಕನ್ನಡಿ ಎಂದು ಕೂಗಿ ಅನ್ನ ಸಂಪಾದಿಸುವವಳಿಗೆ ದನಿ ಹೋದರೆ ಉಳಿಯುವುದೇನು? ಆದರೂ ನಿಜ ಹೇಳಬೇಕೆಂದರೆ ಅವಳು ಹೆದರಿದ್ದು ಗಂಟಿಗೂ ಅಲ್ಲ, ಕತ್ತರಿಗೂ ಅಲ್ಲ. ಮೂಗಿಗೆ ಮುಖವಾಡ ಇಟ್ಟು ಮಲಗಿಸಿಬಿಡುತ್ತಾರಲ್ಲ, ಅದಕ್ಕೆ. ಎಲ್ಲರೂ ಎಚ್ಚರವಾಗಿದ್ದು, ಅವಳ ಕುತ್ತಿಗೆಯೊಳಗೇ ಕೈಯಾಡಿಸುತ್ತಿರುವಾಗ ಅವಳೊಬ್ಬಳು ಮಾತ್ರ ನಿದ್ದೆಯಲ್ಲಿ ಇರಬೇಕು.

ಮೊದಲ ಸಲ ಆಪರೇಷನ್ನಿಗೆ ದಿನ ಗೊತ್ತಾದಾಗ ಹೊಸ ಶಿಷ್ಯರು ಸೇರಿದ್ದಾರೆ ಎಂದು ಮುಂದಕ್ಕೆ ಹಾಕಿದಳು. ಎರಡನೇ ಸಲ ಸ್ಕೂಲಿನ ಕಾರಿಗೆ ಸರ್ವಿಸ್ ಮಾಡಿಸಬೇಕು ಎಂದಳು. ಕಾರಿಗೆ ಬಿಡುವಿತ್ತು, ಅವಳಿಗೆ ಮಾತ್ರ ಇರಲಿಲ್ಲ. ಗಂಡ ಒತ್ತಾಯ ಮಾಡಲಿಲ್ಲ. ಆದರೆ ಮೀಸೆಯಡಿಯ ನಗು ಮಾಯವಾಗಿತ್ತು, ಅದು ಅವಳ ಕಣ್ಣಿಗೂ ಬಿದ್ದಿತ್ತು.

ಪಾಸ್ಟರು ಅವಳ ಬಳಿ ಡ್ರೈವಿಂಗ್ ಕಲಿಯಲು ಸೇರಿದ್ದೂ ಅದೇ ದಿನಗಳಲ್ಲಿ. ಅರವತ್ತರ ಹತ್ತಿರ ಬಂದ ಮನುಷ್ಯ, ಅಲ್ಲಿಯವರೆಗೂ ಸೈಕಲ್ಲಿನಲ್ಲೇ ಕಾಲ ಹಾಕಿದ್ದರು. ಈಗ ಮಂಡಿ ಹಟ ಹಿಡಿದಿತ್ತು. ಹಾಸಿಗೆ ಹಿಡಿದವರ ಮನೆಗೆ ಯಾರನ್ನೂ ಕಾಯದೆ ಹೋಗಿಬರಬೇಕು ಎಂಬುದೊಂದೇ ಅವರ ಆಸೆ. ಭಾನುವಾರ ಶಾಂತಿಯ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡುವವರು ಸೋಮವಾರ ಸ್ಟೀರಿಂಗ್ ಮುಂದೆ ಕೂತರೆ ಬೆವರಿ ತೊಪ್ಪೆಯಾಗುತ್ತಿದ್ದರು. ಎದುರಿಗೆ ಒಂದು ನಾಯಿ ಬಂದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಪ್ರಾರ್ಥನೆಗೆ ಕಣ್ಣು ಮುಚ್ಚಬಹುದು, ಡ್ರೈವಿಂಗಿಗೆ ತೆರೆದಿರಬೇಕು ಎಂದು ಬ್ರೇಕಮ್ಮ ದಿನಾ ನೆನಪಿಸಬೇಕಾಗುತ್ತಿತ್ತು.

ಒಂದು ಭಾನುವಾರ ಅವರು ಯೇಸು ದೋಣಿಯಲ್ಲಿ ಮಲಗಿದ್ದರ ಬಗ್ಗೆ ಮಾತಾಡಿದರು. ಬಿರುಗಾಳಿ ಎದ್ದು ದೋಣಿಗೆ ನೀರು ನುಗ್ಗುತ್ತಿದೆ, ಶಿಷ್ಯರು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾರೆ, ಅವನು ಮಾತ್ರ ತಲೆದಿಂಬಿನ ಮೇಲೆ ನಿಶ್ಚಿಂತೆಯಾಗಿ ಮಲಗಿದ್ದಾನೆ. ಬ್ರೇಕಮ್ಮನಿಗೆ ಈ ಕತೆ ಮೊದಲಿನಿಂದಲೂ ಹಿಡಿಸುತ್ತಿರಲಿಲ್ಲ. ಅವಳು ಪೂರ್ತಿ ಶಿಷ್ಯರ ಪಕ್ಷ. ಮರುದಿನ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ತಡೆಯಲಾರದೆ ಕೇಳಿಯೇ ಬಿಟ್ಟಳು.

"ಅಯ್ಯನೋರೆ, ತಪ್ಪು ತಿಳೀಬೇಡಿ. ಅಂಥಾ ಗಾಳೀಲಿ ಮಲಗೋದು ಅಂದ್ರೆ ಏನು? ಯಾರಾದ್ರೂ ಒಬ್ರು ಎದ್ದಿರ್ಬೇಕಲ್ವಾ? ಗಾಡಿ ಓಡ್ತಿರೋವಾಗ ನಾನು ಹಾಗೆ ಮಲಗಿದ್ರೆ ನನ್ನ ಲೈಸೆನ್ಸ್ ಕಿತ್ಕೊಂಡು ಮನೆಗೆ ಕಳಿಸ್ತಾರೆ."

ಪಾಸ್ಟರ ಬೆರಳುಗಳು ಸ್ಟೀರಿಂಗನ್ನು ಉಡದಂತೆ ಹಿಡಿದಿದ್ದವು. "ಇದಕ್ಕೆ ಉತ್ತರ ಇದೆ ಟೀಚರಮ್ಮ," ಎಂದರು. "ಆದ್ರೆ ಈಗ ಹಸಿರು ದೀಪ ಬಂತು. ಎರಡನ್ನೂ ಒಟ್ಟಿಗೆ ಮಾಡೋದು ನನ್ನ ಕೈಲಾಗಲ್ಲ."

ಸಿಗ್ನಲ್ ದಾಟಿತು, ಉತ್ತರ ಅಲ್ಲೇ ಉಳಿಯಿತು.

ಆದರೆ ಕೆಲವೇ ವಾರಗಳಲ್ಲಿ ಪಾಸ್ಟರು ಅವಳೇ ಬೆರಗಾಗುವಷ್ಟು ಸುಧಾರಿಸಿದರು. ಕ್ಲಚ್ ಸಲೀಸಾಯಿತು, ಗೇರ್ ಕಿರುಗುಟ್ಟುವುದು ನಿಂತಿತು. ತಿರುವುಗಳಲ್ಲಿ ಗಾಡಿಯ ವೇಗ ಹದವಾಗಿ ಇಳಿಯುತ್ತಿತ್ತು. ಬಿಳಿ ಗೆರೆಯ ಬಳಿ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ನುಣ್ಣಗೆ ನಿಲ್ಲುತ್ತಿತ್ತು. ಇಷ್ಟು ಒಳ್ಳೆಯ ಬ್ರೇಕಿನ ಕಾಲನ್ನು ನಾನು ಯಾರಲ್ಲೂ ಕಂಡಿಲ್ಲ ಎಂದು ಅವಳು ಗಂಡನ ಮುಂದೆ ಹೊಗಳಿದಳು. ಪರೀಕ್ಷೆಗೆ ದಿನ ಗೊತ್ತು ಮಾಡಿ, ಧೈರ್ಯವಾಗಿ ಹೋಗಿಬನ್ನಿ ಎಂದು ಪಾಸ್ಟರಿಗೂ ಹೇಳಿದಳು.

ಆ ಊರಿನಲ್ಲಿ ಲೈಸೆನ್ಸ್ ಪರೀಕ್ಷೆ ನಡೆಯುವುದು ಸಾರಿಗೆ ಆಫೀಸಿನ ಕಾರಿನಲ್ಲಿ. ಅದರಲ್ಲಿ ಎರಡನೇ ಬ್ರೇಕ್ ಇರುವುದಿಲ್ಲ. ಪಕ್ಕದಲ್ಲಿ ಅಧಿಕಾರಿ ಕೂತಿರುತ್ತಾನೆ, ಅವನ ಕಾಲಿಗೆ ಯಾವ ಜವಾಬ್ದಾರಿಯೂ ಇಲ್ಲ. ಬ್ರೇಕಮ್ಮ ಮೈದಾನದ ಬೇಲಿಯ ಹೊರಗೆ ನಿಂತು ನೋಡುತ್ತಿದ್ದಳು. ಪಾಸ್ಟರು ಹೊರಟಿದ್ದು ಚೆನ್ನಾಗಿತ್ತು, ತಿರುಗಿದ್ದೂ ಚೆನ್ನಾಗಿತ್ತು. ಕೊನೆಯ ಬಿಳಿ ಗೆರೆ ಹತ್ತಿರ ಬಂತು. ಕಾರು ಗೆರೆಯನ್ನು ದಾಟಿತು. ಗೆರೆಯ ಆಚೆಗಿದ್ದ ಪ್ಲಾಸ್ಟಿಕ್ ಡಬ್ಬವನ್ನೂ ದಾಟಿತು. ಆಮೇಲೆ ಯಾವ ಗಡಿಬಿಡಿಯೂ ಇಲ್ಲದೆ, ಹಳೇ ಟೈರುಗಳನ್ನು ಪೇರಿಸಿಟ್ಟಿದ್ದ ಗುಡ್ಡೆಗೆ ಹೋಗಿ ಒರಗಿಕೊಂಡಿತು. ಅಷ್ಟು ಹೊತ್ತೂ ಪಾಸ್ಟರ ಮುಖದಲ್ಲಿ ಅಪಾರ ಶಾಂತಿ ಇತ್ತು. ಕೈಯಲ್ಲಿದ್ದ ಚಹಾವನ್ನು ಮೈಮೇಲೆ ಸುರಿದುಕೊಂಡ ಅಧಿಕಾರಿಯ ಮುಖದಲ್ಲಿ ಇರಲಿಲ್ಲ.

ಯಾರಿಗೂ ಏಟಾಗಿರಲಿಲ್ಲ. ಬ್ರೇಕಮ್ಮ ಓಡಿಹೋಗಿ, ಅಯ್ಯನೋರೆ, ಬ್ರೇಕ್ ಯಾಕೆ ಒತ್ತಲಿಲ್ಲ ಎಂದು ಕೇಳಿದಳು. ಪಾಸ್ಟರು ಪಾಪ, ಇಂಗು ತಿಂದ ಮಂಗನ ಹಾಗೆ ನಿಂತಿದ್ದರು.

"ಒತ್ತೋದು ಅಂದ್ರೆ?" ಎಂದರು. "ನಿಮ್ಮ ಗಾಡೀಲಿ ನಾನು ಕಾಲು ಇಟ್ರೆ ಸಾಕು, ಅದು ತಾನಾಗೇ ಕೆಳಗೆ ಹೋಗ್ತಿತ್ತಲ್ಲ. ನಾನು ಯಾವತ್ತೂ ಒತ್ತಿದ್ದೇ ಇಲ್ಲ ಟೀಚರಮ್ಮ. ಅದು ದೇವರ ಕೃಪೆ ಅಂದ್ಕೊಂಡಿದ್ದೆ."

ಬ್ರೇಕಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ವರ್ಷ ಇಷ್ಟು ಜನಕ್ಕೆ ಕಲಿಸಿದ್ದಳು, ಕಲಿಯುವವರು ತಪ್ಪಿದಾಗ ಮಾತ್ರ ಅವಳ ಕಾಲು ಇಳಿಯುತ್ತಿತ್ತು. ಆದರೆ ಡಾಕ್ಟರು ಆಪರೇಷನ್ನಿನ ಮಾತು ಹೇಳಿದ ದಿನದಿಂದ ಕಾಲು ಅವಳ ಹಿಡಿತದಲ್ಲೇ ಇರಲಿಲ್ಲ. ಪಾಸ್ಟರು ಯೋಚನೆ ಮಾಡುವ ಮೊದಲೇ, ಅವಳಿಗೂ ತಿಳಿಸದೆ, ಅದು ಒತ್ತುತ್ತಿತ್ತು. ಹೊಗಳಿದ್ದೆಲ್ಲ ಅವಳ ಕಾಲನ್ನೇ ಆಗಿತ್ತು. ಅವಳು ಎಷ್ಟು ಹೆದರಿದ್ದಳು ಎಂಬುದು ಆ ಟೈರು ಗುಡ್ಡೆಯ ಮುಂದೆ ನಿಂತಾಗಲೇ ಅವಳಿಗೆ ಗೊತ್ತಾಯಿತು.

ಸೀದಾ ಬೇಕರಿಗೆ ಹೋದಳು. ಹಿಂದಿನ ಕೋಣೆಯಲ್ಲಿ ಗಂಡ ನಾದಿಟ್ಟ ಹಿಟ್ಟಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದ. ನಡೆದದ್ದನ್ನು ಕೇಳಿ, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕ. ಅವಳು ನಗಲಿಲ್ಲ ಎಂದು ಕಂಡ ಮೇಲೆ ಮತ್ತೆ ಹಿಟ್ಟಿನ ಕಡೆ ತಿರುಗಿದ. ನಾನು ಸ್ವಲ್ಪ ಕಾಲು ಎತ್ತಿದ್ದರೆ ಅವರು ಕಲಿತಿರುತ್ತಿದ್ದರು, ಆದರೆ ಎತ್ತಿದರೆ ಏನಾಗಿಬಿಡುತ್ತದೋ ಎಂದು ಜೀವ ಬಾಯಿಗೆ ಬರುತ್ತದೆ, ನನಗೆ ಯಾಕೆ ಹೀಗಾಗುತ್ತದೆ ಎಂದು ಅವಳು ಕೇಳಿದಳು. ಗಂಡ ಬಟ್ಟೆಯ ಅಂಚನ್ನು ಸರಿಮಾಡುತ್ತ, ಅವಳ ಮುಖ ನೋಡದೆ ಹೇಳಿದ:

"ನಮ್ಮ ಕಾರಲ್ಲಿ ಆ ತೂತು ಮ್ಯಾಟ್ ಇದೆಯಲ್ಲ, ಅದರ ಕೆಳಗೆ ಏನಿದೆ ಅಂತ ಯಾವತ್ತಾದ್ರೂ ಎತ್ತಿ ನೋಡಿದೀಯೇನೇ?"

ಇದೂ ಚೇಷ್ಟೆಯೇ ಎಂದುಕೊಂಡು ಅವಳು ಮುಖ ಊದಿಸಿಕೊಂಡು ಹೊರಗೆ ಬಂದಳು. ಬೇಕರಿಯ ಪಕ್ಕದ ಓಣಿಯಲ್ಲಿ ಹಳೇ ಕಾರು ನಿಂತಿತ್ತು. ಬಾಗಿಲು ತೆಗೆದು ತನ್ನ ಜಾಗದಲ್ಲಿ ಕೂತಳು. ಕಾಲು ಅಭ್ಯಾಸದಂತೆ ತೂತಿಗೆ ಹೋಗಿ ಸೇರಿತು. ಬಗ್ಗಿ ಮ್ಯಾಟು ಎತ್ತಿದಳು. ಕೆಳಗೆ ತಗಡು ಇತ್ತು, ಒಂದಿಷ್ಟು ಧೂಳು, ಬ್ರೆಡ್ಡಿನ ಪುಡಿ, ಎಂದೋ ಕಳೆದ ಒಂದು ಅಂಗಿಯ ಗುಂಡಿ. ಬ್ರೇಕ್ ಇರಲಿಲ್ಲ. ಇರಲಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ನೋಡುತ್ತ ಕೂತಳು.

ಈ ತಗಡನ್ನು ಒತ್ತಿಕೊಂಡೇ ಅವಳು ಎಷ್ಟೋ ಅಪಘಾತ ತಪ್ಪಿಸಿದ್ದೇನೆ ಎಂದುಕೊಂಡಿದ್ದಳು. ನಿಲ್ಲಿಸಿದ್ದು ಪಕ್ಕದಲ್ಲಿದ್ದವನು. ಹಾಗೆ ಯೋಚಿಸುತ್ತಿದ್ದಂತೆ ಅವಳಿಗೆ ಮಗಳು ಚಿಕ್ಕವಳಿದ್ದಾಗ ಎದೆಗೆ ಕಫ ಕಟ್ಟಿ ಜ್ವರದಲ್ಲಿ ಬಿದ್ದದ್ದು ನೆನಪಾಯಿತು. ನಾನು ಕಣ್ಣು ಮುಚ್ಚಿದರೆ ಕೂಸಿನ ಉಸಿರು ನಿಲ್ಲುತ್ತದೆ ಎಂದು ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ರಾತ್ರಿಯಿಡೀ ಕಣ್ಣಲ್ಲಿ ಕಣ್ಣಿಟ್ಟು ಕಾದೆ ಎಂದು ಈಗ ಮದುವೆಯಾಗಿ ಹೋಗಿರುವ ಮಗಳಿಗೆ ಎಷ್ಟು ಸಲ ಹೇಳಿದ್ದಳೋ. ನಿಜವೇನೆಂದರೆ ಬೆಳಗಿನ ಜಾವ ಅವಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು. ಎಚ್ಚರವಾದಾಗ ಮಗುವಿನ ಹಣೆ ತಣ್ಣಗಿತ್ತು. ಜ್ವರ ಇಳಿದಿದ್ದು ಅವಳು ಮಲಗಿದ್ದಾಗ.

ಆ ಕಾರಿನಲ್ಲಿ, ಕೈಯಲ್ಲಿ ಮ್ಯಾಟು ಹಿಡಿದುಕೊಂಡು ಬ್ರೇಕಮ್ಮ ಅತ್ತಳು. ಮೂಗು ಸೊರಸೊರ ಎನ್ನುವಷ್ಟು ಅತ್ತಳು. ಪಾಸ್ಟರು ಅವಳ ಕಾಲನ್ನು ದೇವರ ಕೃಪೆ ಎಂದುಕೊಂಡಿದ್ದರು. ಅವಳು ದೇವರ ಕೃಪೆಯನ್ನು ತನ್ನ ಕಾಲು ಎಂದುಕೊಂಡಿದ್ದಳು. ಇಬ್ಬರಲ್ಲಿ ಯಾರದು ದೊಡ್ಡ ತಪ್ಪು ಎಂದು ಕೇಳಲು ಅಲ್ಲಿ ಅಧಿಕಾರಿ ಯಾರೂ ಇರಲಿಲ್ಲ.

"ಕರ್ತನೇ," ಎಂದಳು, ಗಟ್ಟಿಯಾಗಿಯೇ. "ಈ ಕಡೆ ಬ್ರೇಕ್ ಇಲ್ಲ. ಯಾವತ್ತೂ ಇರ್ಲಿಲ್ಲ. ನಿಲ್ಸಿದ್ದೆಲ್ಲ ನೀನು, ನಾನು ಬರೀ ಮ್ಯಾಟ್ ಸವೆಸಿದ್ದು. ನಂಗೆ ತುಂಬಾ ಭಯ ಆಗ್ತಿದೆ. ನೀನೇ ಓಡಿಸು."

ಅಷ್ಟು ಹೇಳಿದ ಮೇಲೆ ಎದೆಯ ಮೇಲಿಂದ ಯಾರೋ ಚಪ್ಪಡಿ ಇಳಿಸಿದ ಹಾಗಾಯಿತು. ಭಯ ಹೋಗಿರಲಿಲ್ಲ, ಆದರೆ ಅದು ಕೂರುವ ಜಾಗ ಬದಲಾಗಿತ್ತು. ಡಾಕ್ಟರ ಕೈ ನಡುಗದ ಹಾಗೆ ನೋಡಿಕೋ, ಬೆಳಗಿನ ಹೊತ್ತೇ ಆಗಲಿ ಎಂದು ಇನ್ನೆರಡು ಸೂಚನೆ ಸೇರಿಸಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡಳು. ಬೇಕರಿಯ ಒಳಗೆ ಹೋಗಿ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಿಸಿದಳು. ಬಟ್ಟೆಯ ಕೆಳಗೆ ಹಿಟ್ಟು ಆಗಲೇ ಉಬ್ಬಿ ಪಾತ್ರೆಯ ಅಂಚಿಗೆ ಬಂದಿತ್ತು. ಗಂಡ ಅದನ್ನೇ ನೋಡುತ್ತ ನಿಂತಿದ್ದ, ಅವನ ಮೀಸೆ ಅಲುಗುತ್ತಿತ್ತು.

ಪಾಸ್ಟರಿಗೆ ಮತ್ತೆ ಪಾಠ ಶುರುವಾಯಿತು. ಈ ಸಲ ಬ್ರೇಕಮ್ಮ ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಖಾಲಿ ಮೈದಾನದಲ್ಲಿ, ಕಾರು ಆಮೆಯ ವೇಗದಲ್ಲಿದ್ದಾಗಲೂ ಆ ಕೂರುವಿಕೆ ಅವಳಿಗೆ ತಪಸ್ಸಾಗಿತ್ತು. ಬಲಗಾಲು ಎದ್ದು ಓಡಿಹೋಗದಂತೆ ಹೆಬ್ಬೆರಳನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಪಾಸ್ಟರು ಮೊದಲ ಸಲ ಸ್ವಂತ ಬಲದಿಂದ ಬ್ರೇಕ್ ಒತ್ತಿದಾಗ ಇಬ್ಬರ ಹಣೆಯೂ ಗಾಜಿಗೆ ಮುತ್ತಿಡುವುದರಲ್ಲಿತ್ತು. ಎರಡನೇ ಸಲ ಕೊಂಚ ಮೆತ್ತಗಾಯಿತು. ಟೀಚರಮ್ಮ, ನಿಮ್ಮ ಕಾಲೆಲ್ಲಿದೆ ಎಂದು ಅವರು ಗಳಿಗೆಗೊಮ್ಮೆ ದಿಗಿಲಿನಿಂದ ಕೇಳುತ್ತಿದ್ದರು. ನನ್ನ ಹತ್ತಿರವೇ ಇದೆ, ನೀವು ರಸ್ತೆ ನೋಡಿ ಎಂದು ಇವಳು ಹೇಳುತ್ತಿದ್ದಳು. ಕೊನೆಗೂ ಬಿಳಿ ಗೆರೆಯ ಈ ಕಡೆಯೇ ನಿಂತು ಪಾಸ್ಟರು ಲೈಸೆನ್ಸ್ ಪಡೆದರು. ಆ ದಿನ ಅಧಿಕಾರಿ ಚಹಾ ಮುಟ್ಟಿರಲಿಲ್ಲವಂತೆ.

ಆಪರೇಷನ್ನಿನ ಬೆಳಿಗ್ಗೆ ಪಾಸ್ಟರು ಮನೆ ಬಾಗಿಲಿಗೆ ಬಂದು ನಿಂತರು. ಯಾರನ್ನಾದರೂ ಆಸ್ಪತ್ರೆಗೆ ಕರೆದೊಯ್ಯಲೆಂದೇ ಕಲಿತದ್ದು, ಮೊದಲ ಸವಾರಿ ಟೀಚರಮ್ಮನದೇ ಆಗಬೇಕು ಎಂದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಸ್ಪತ್ರೆಗೆ ಹೋಗುತ್ತಿರುವವಳಿಗೆ ಆಸ್ಪತ್ರೆ ಸೇರಲು ಹೊಸ ಕಾರಣ ಬೇಕಾಗಿರಲಿಲ್ಲ. ಆದರೆ ಅವಳೇ ಗಂಡನ ಕೈಯಿಂದ ಬೀಗದ ಕೈ ತೆಗೆದುಕೊಂಡು ಪಾಸ್ಟರಿಗೆ ಕೊಟ್ಟಳು. ಗಂಡ ಚೀಲ ತಬ್ಬಿಕೊಂಡು ಹಿಂದೆ ಕೂತ. ಅವಳು ಮುಂದೆ ಕೂತಳು, ತೂತು ಮ್ಯಾಟಿನ ಮೇಲೆ ಕಾಲಿಟ್ಟು.

ಕಾರು ನಡೆದುಹೋಗುವವರನ್ನು ಹಿಂದೆ ಹಾಕಿತು, ಅಷ್ಟು ಮಟ್ಟಿಗೆ ಓಡುತ್ತಿತ್ತು ಎನ್ನಬಹುದು. ಸೈಕಲ್ಲುಗಳು ಪಕ್ಕದಿಂದ ಹಾದುಹೋದವು. ಮೊದಲ ತಿರುವಿನಲ್ಲಿ ಅವಳ ಕಾಲು ಒತ್ತಿತು. ತಗಡು ತಗಡಾಗಿಯೇ ಇತ್ತು. ಅವಳಿಗೆ ನಗು ಬಂತು. ಕನ್ನಡಿ ನೋಡಿ ಎಂದು ಹೇಳಲು ಹೋಗಿ ಬಿಟ್ಟಳು. ಗಾಜಿನಿಂದ ಎಳೆಬಿಸಿಲು ಬಂದು ಮಡಿಲಲ್ಲಿ ಬಿದ್ದಿತ್ತು. ಕಾಲು ಸಡಿಲವಾಯಿತು. ಅವಳು ನೆನಪಿಟ್ಟುಕೊಂಡದ್ದು ಅಷ್ಟೇ.

ಮಿಕ್ಕಿದ್ದನ್ನು ಆಮೇಲೆ ಗಂಡ ಹೇಳಬೇಕಾಯಿತು. ಸಿಗ್ನಲ್ಲಿನಲ್ಲಿ ಪಾಸ್ಟರು ಅವಳ ಕಡೆ ತಿರುಗಿ, ಕತ್ತು ವಾಲಿದ್ದನ್ನು ಕಂಡು ಬೆಚ್ಚಿದರಂತೆ. ನಿದ್ದೆ ಮಾಡುತ್ತಿದ್ದಾಳೆ, ಎಬ್ಬಿಸಬೇಡಿ ಎಂದು ಗಂಡ ಹಿಂದಿನಿಂದ ಪಿಸುಗುಟ್ಟಿದನಂತೆ. ವಾರಗಟ್ಟಲೆ ಸರಿಯಾಗಿ ರೆಪ್ಪೆ ಮುಚ್ಚದವಳು, ಇಡೀ ಊರಿನಲ್ಲೇ ಅತಿ ಹೊಸ ಡ್ರೈವರನ ಪಕ್ಕ ಬಾಯಿ ತೆರೆದುಕೊಂಡು ಮಲಗಿದ್ದಳು. ಹಸಿರು ದೀಪ ಬಂದರೂ ಪಾಸ್ಟರು ಒಂದು ಗಳಿಗೆ ಹೊರಡಲಿಲ್ಲ. ದೋಣಿಯ ಪ್ರಶ್ನೆಗೆ ಉತ್ತರ ಕೊಡೋದು ಬಾಕಿ ಇತ್ತು, ಇನ್ನು ಬೇಕಾಗಿಲ್ಲ ಎಂದರಂತೆ. ಹೊತ್ತು ಇನ್ನೂ ಇದ್ದದ್ದರಿಂದ, ಅವಳು ಮಲಗಿರಲಿ ಎಂದು, ಆಸ್ಪತ್ರೆಯ ಸುತ್ತ ಒಂದು ಸುತ್ತು ಹೆಚ್ಚೇ ಹಾಕಿದರು. ಎದುರು ಗಾಡಿಗಳಿಗೆ ಅಡ್ಡ ತಿರುಗಿಸಲು ಅವರಿಗೆ ಇನ್ನೂ ಧೈರ್ಯವಿರಲಿಲ್ಲ, ಆದ್ದರಿಂದ ಎಡಕ್ಕೆ ಎಡಕ್ಕೆ ತಿರುಗುತ್ತಲೇ ಸುತ್ತು ಮುಗಿಸಿದರು.

ಆಪರೇಷನ್ ಕೋಣೆ ತಣ್ಣಗಿತ್ತು. ನರ್ಸ್ ಹೊದಿಕೆ ಸರಿಮಾಡಿ, ಭಯ ಆಗ್ತಿದೆಯಾ ಅಮ್ಮ ಎಂದು ಕೇಳಿದಳು. ಆಗುತ್ತಿದೆ ಎಂದಳು ಬ್ರೇಕಮ್ಮ, ಸುಳ್ಳು ಹೇಳಲಿಲ್ಲ. ಮುಖವಾಡ ಹತ್ತಿರ ಬಂತು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳ ಪ್ರಾರ್ಥನೆಯಲ್ಲಿ ಒಂದು ಸೂಚನೆಯೂ ಇರಲಿಲ್ಲ. ಕರ್ತನೇ, ನಾನು ಮಲಗ್ತೀನಿ ಎಂದಳು, ಮಲಗಿದಳು.

ಕಣ್ಣು ಬಿಟ್ಟಾಗ ಗಂಟಲು ಮರಳು ಕಾಗದದಿಂದ ಉಜ್ಜಿದ ಹಾಗಿತ್ತು. ಮಂಚದ ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಗಂಡ, ಕಾಲ ಬಳಿ ಪಾಸ್ಟರು ನಿಂತಿದ್ದರು. ಏನಾದರೂ ಒಂದು ಮಾತಾಡಿ ಎಂದರು ಡಾಕ್ಟರು. ಗಂಡ ಅವಳ ಕೈಯನ್ನು ಹಿಟ್ಟು ಹಿಡಿದ ಹಾಗೆ ಹಿಡಿದುಕೊಂಡಿದ್ದ. ಬ್ರೇಕಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿ, ಪಾಸ್ಟರ ಮೇಲೆ ಕಣ್ಣು ನಿಲ್ಲಿಸಿದಳು.

"ಅಯ್ಯನೋರೆ," ಎಂದಳು. ದನಿ ಒಡೆದಿತ್ತು, ಗೊಗ್ಗರಾಗಿತ್ತು, ಆದರೆ ಅವಳದೇ ಆಗಿತ್ತು. "ಹ್ಯಾಂಡ್‌ಬ್ರೇಕ್ ಹಾಕಿದೀರಾ?"

ಪಾಸ್ಟರ ಮುಖ ಬಿಳುಚಿತು. ಆಸ್ಪತ್ರೆಯ ಮುಂದಿನ ರಸ್ತೆ ಸ್ವಲ್ಪ ಇಳಿಜಾರು. ಅವರು ಮಂಡಿನೋವನ್ನೂ ಮರೆತು ಹೊರಗೆ ಓಡಿದರು. ಡಾಕ್ಟರು ನಗುತ್ತ, ದನಿಗೆ ಏನೂ ಆಗಿಲ್ಲ, ದಿನ ಕಳೆದಂತೆ ಸರಿಹೋಗುತ್ತದೆ ಎಂದರು. ಗಂಟನ್ನು ಪರೀಕ್ಷೆಗೆ ಕಳಿಸಿದ್ದೇವೆ, ಫಲಿತಾಂಶ ಬರುವುದಕ್ಕೆ ಇನ್ನೂ ಸಮಯ ಬೇಕು ಎಂದು ಹೇಳಿ ಹೋದರು.

ಗಂಡ ನಗುತ್ತಲೂ ಇದ್ದ, ಅಳುತ್ತಲೂ ಇದ್ದ. ತುಸು ಹೊತ್ತಾದ ಮೇಲೆ, ಫಲಿತಾಂಶದ ಭಯ ಇದೆಯೇನೇ ಎಂದು ಮೆಲ್ಲಗೆ ಕೇಳಿದ.

"ಇದೆ," ಎಂದಳು ಅವಳು. "ಆದ್ರೆ ನಿದ್ದೆನೂ ಬರ್ತಿದೆ ಕಣ್ರೀ."

ಅವನು ಹೊದಿಕೆಯ ತುದಿ ಎತ್ತಿ ನೋಡಿದ. ಬಲಗಾಲು ಒಂದು ಪಕ್ಕಕ್ಕೆ ವಾಲಿಕೊಂಡು ಆರಾಮಾಗಿ ಬಿದ್ದಿತ್ತು. ಗಾಡಿ ಒಂದು ಮೊಳ ಮಾತ್ರ ಸರಿದಿದೆ, ಗೇಟಿನ ಕಂಬಕ್ಕೆ ತಾಗಿ ನಿಂತಿದೆ ಎಂದು ಹೇಳಲು ಪಾಸ್ಟರು ಏದುಸಿರು ಬಿಡುತ್ತ ವಾಪಸು ಬಂದಾಗ, ಕೇಳಲು ಬ್ರೇಕಮ್ಮ ಎಚ್ಚರವಿರಲಿಲ್ಲ.